ಕೆಂಜೆಕಾನಳ ರಾತ್ರಿ ದುರ್ಬೀನು

ನಮ್ಮ ಮೇಲಿನ ಹುಲ್ಲುಗಾವಲಿನಲ್ಲಿ ಹಗಲು ಗಂಡಸರದು, ರಾತ್ರಿ ಹೆಂಗಸರದು. ಬೆಳಗ್ಗೆ ಗಂಡಸು ಕುದುರೆ ಹತ್ತಿ ಕುರಿಯ ಹಿಂದೆ ಹೋಗುತ್ತಾನೆ. ಸಂಜೆ ಕುರಿ ಹಟ್ಟಿ ಸೇರಿದರೆ ಅವನ ಕೆಲಸ ಮುಗಿಯಿತು. ಆಮೇಲೆ ಕೋಲು ಹಿಡಿದು ಹಟ್ಟಿ ಸುತ್ತುವುದು, ಆಗಾಗ ಕೂಗು ಹಾಕುವುದು, ನಾಯಿ ಯಾವ ದಿಕ್ಕಿಗೆ ಬೊಗಳುತ್ತಿದೆ ಎಂದು ಕಿವಿಗೊಡುವುದು, ಇವೆಲ್ಲ ಮನೆಯ ಸೊಸೆಗೆ, ಮಗಳಿಗೆ. ಇದನ್ನು ಯಾರೂ ಕೆಲಸ ಎಂದು ಕರೆಯುವುದಿಲ್ಲ. ‘ಹೆಂಗಸರು ಕೂತಿರ್ತಾರೆ’ ಎನ್ನುತ್ತಾರೆ.

ಕೆಂಜೆಕಾನ್ ಹೀಗೆ ಮೂವತ್ತೊಂದು ಬೇಸಿಗೆ ಕೂತಿದ್ದಳು. ಹತ್ತೊಂಬತ್ತಕ್ಕೆ ಶಾರ್ಶೆನ್‌ನ ಹೆಂಡತಿಯಾಗಿ ಬಂದವಳು, ಈಗ ಐವತ್ತು. ಇಬ್ಬರು ಹಿರಿಯ ಹೆಣ್ಣುಮಕ್ಕಳು ಮದುವೆಯಾಗಿ ಬೇರೆಯವರ ಹಟ್ಟಿ ಕಾಯುತ್ತಿದ್ದರು. ಮನೆಯಲ್ಲಿ ಉಳಿದವಳು ಹದಿನಾರರ ಸಲ್ಕಿನಾಯ್ ಒಬ್ಬಳೇ. ಹಟ್ಟಿಯಲ್ಲಿ ಊರಿನ ಹನ್ನೊಂದು ಮನೆಗಳ ಕುರಿ. ಬೇಸಿಗೆಯಿಡೀ ಮೇಯಿಸಿ ಶರತ್ಕಾಲದಲ್ಲಿ ತಿರುಗಿ ಒಪ್ಪಿಸುವುದು ಶಾರ್ಶೆನ್‌ನ ಜೀವನ. ಕಳೆದುಹೋದ ಕುರಿಗೆ ತಮ್ಮ ಕುರಿ ಕೊಡಬೇಕು.

ಅವರ ಕಂಬಳಿ ಗುಡಾರ ತೊರೆಯ ಆಚೆ, ನಮ್ಮದು ಈಚೆ. ಬೆಳಕು ಹರಿಯುವ ಮೊದಲೇ ಅವಳ ಒಲೆಯ ಹೊಗೆ ಏಳುವುದು ನನಗೆ ಕಾಣುತ್ತಿತ್ತು. ಏಳು ಹೆಣ್ಣುಕುದುರೆಗಳ ಹಾಲನ್ನು ಎರಡೆರಡು ಗಂಟೆಗೊಮ್ಮೆ ಕರೆಯಬೇಕು, ಚರ್ಮದ ಚೀಲಕ್ಕೆ ಹೊಯ್ದು ಕಡೆಯಬೇಕು, ರೊಟ್ಟಿ ಸುಡಬೇಕು, ಗಟ್ಟಿ ಮೊಸರನ್ನು ಉಂಡೆ ಕಟ್ಟಿ ಬಿಸಿಲಿಗೆ ಹಾಕಬೇಕು, ಒಣ ಸಗಣಿ ಆರಿಸಬೇಕು, ನೀರು ಹೊರಬೇಕು. ನೀನು ಮಲಗೋದು ಯಾವಾಗ ಎಂದು ಒಮ್ಮೆ ಕೇಳಿದ್ದೆ.

“ಹಾಲು ಕುದಿಯೋವಾಗ” ಅಂದಳು.

ಅವಳ ಕಣ್ಣಿನ ಸಂಗತಿ ಗೊತ್ತಿದ್ದದ್ದು ನನಗೆ ಮಾತ್ರ. ಎರಡು ವರ್ಷದ ಹಿಂದೆ ಅವಳಿಗೆ ಆಕಾಶದಲ್ಲಿ ನಕ್ಷತ್ರ ಕಡಿಮೆ ಕಾಣತೊಡಗಿದವು. ಮೋಡ ಎಂದುಕೊಂಡಳು. ಆಮೇಲೆ ಸಂಜೆ ಹೊತ್ತು ಕಾಲಿಗೆ ಬಕೆಟ್ಟು ತಗುಲಿತು, ಇನ್ನೊಂದು ದಿನ ನಾಯಿಯ ಬಾಲ. ಪಟ್ಟಣದ ವೈದ್ಯೆ ದೀಪ ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಮದ್ದಿಲ್ಲ, ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಮೆಲ್ಲಗೆ ಹಗಲೂ ಕಿರಿದಾಗುತ್ತದೆ ಎಂದಳಂತೆ. ಕೆಂಜೆಕಾನ್ ಮನೆಗೆ ಬಂದು ಹಟ್ಟಿಯ ಸುತ್ತ ಗೂಟ ನೆಟ್ಟು, ಕುದುರೆಕೂದಲ ಹಗ್ಗ ಕಟ್ಟಿದಳು. ಅದನ್ನು ಹಿಡಿದುಕೊಂಡು ರಾತ್ರಿಯೆಲ್ಲ ಸುತ್ತುತ್ತಿದ್ದಳು. ಇದೇನಿದು ಎಂದು ಗಂಡ ಕೇಳಿದ್ದಕ್ಕೆ, “ಊಳಿಡೋನು ಕುದುರೆಕೂದಲು ದಾಟಲ್ವಂತೆ” ಎಂದಿದ್ದಳು. ತೋಳದ ಹೆಸರನ್ನು ಹುಲ್ಲುಗಾವಲಿನಲ್ಲಿ ಹೆಂಗಸರು ಬಾಯಲ್ಲಿ ಆಡುವುದಿಲ್ಲ.

ಊಳಿಡುವವನು ಹಗ್ಗ ದಾಟಿದ. ಜೂನ್ ಕೊನೆಯ ಒಂದು ರಾತ್ರಿ ನೀರಿನ ಕಡೆಯಿಂದ ಬಂದು ನಾಲ್ಕು ಕುರಿ ಕೊಂದುಹಾಕಿದ. ಕೆಂಜೆಕಾನ್ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಕೂಗುತ್ತಲೇ ಇದ್ದಳು. ಯಾವ ಕಡೆಗೆ ಓಡಬೇಕು ಎಂದು ಮಾತ್ರ ಗೊತ್ತಾಗಲಿಲ್ಲ. ಗುಡಾರದಿಂದ ಎದ್ದು ಬಂದ ಶಾರ್ಶೆನ್ ಕತ್ತಲಲ್ಲಿ ಅವಳ ಮುಖದ ಮುಂದೆ ಕೈ ಹಿಡಿದ.

“ಎಷ್ಟು ಬೆರಳು?”

ಅವಳು ಆ ಕೈಯನ್ನು ತಡವಿ ಹುಡುಕಿದಳು.

“ಎಷ್ಟು ದಿನದಿಂದ ಹೀಗೆ?”

“ಹೋದ ವರ್ಷಕ್ಕೆ ಮುಂಚಿಂದ.”

ಶಾರ್ಶೆನ್ ಕುಡಿಯುವವನಲ್ಲ, ಹೊಡೆಯುವವನಲ್ಲ. ಸತ್ತ ಕುರಿಗಳ ಚರ್ಮ ಸುಲಿದು ಮುಗಿಸಿ, ಕೈ ತೊಳೆದುಕೊಂಡು, ಚಹಾ ಕುಡಿಯುತ್ತ ಶಾಂತವಾಗಿಯೇ ಹೇಳಿದ. “ಇನ್ಮೇಲೆ ಸಲ್ಕಿ ಕಾಯ್ಲಿ.”

“ಅವಳು ಸೆಪ್ಟೆಂಬರಿಗೆ ಕಾಲೇಜಿಗೆ ಹೋಗ್ಬೇಕು. ನರ್ಸ್ ಓದೋಕೆ ಸೀಟು ಸಿಕ್ಕಿದೆಯಲ್ಲ.”

“ಕಾಲೇಜು ಎಲ್ಲೂ ಓಡಿಹೋಗಲ್ಲ. ಮುಂದಿನ ವರ್ಷ ನೋಡಿದ್ರಾಯ್ತು.”

“ಮುಂದಿನ ವರ್ಷ ನನ್ನ ಕಣ್ಣು ವಾಪಸ್ ಬರುತ್ತಾ? ನೀವೇ ಕಾಯಬಹುದಲ್ಲ.”

“ನಾನಾ?” ಅವನಿಗೆ ನಿಜವಾಗಿಯೂ ನಗು ಬಂತು. “ನಾನು ಹಟ್ಟಿ ಸುತ್ತಿ ಕೂಗ್ತಾ ಇದ್ರೆ ಜನ ಏನಂತಾರೆ? ಶಾರ್ಶೆನ್ ಹೆಂಡ್ತಿ ಸತ್ತೋದ್ಲಾ ಅಂತ ಸಂತಾಪಕ್ಕೆ ಬರ್ತಾರೆ.”

ಬಟ್ಟಲು ಮುಂದೆ ಚಾಚಿದ. ಅವಳು ಇನ್ನೊಂದು ಸಲ ಚಹಾ ಬಗ್ಗಿಸಿದಳು. ಸಲ್ಕಿನಾಯ್ ಬಾಗಿಲ ಹತ್ತಿರ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಎರಡು ದಿನ ಕಳೆದು ಸಲ್ಕಿ ಗುಡ್ಡ ಹತ್ತಿದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಇಳಿದು ಬಂದವಳು ತಾಯಿಯ ಕಿವಿಯಲ್ಲಿ ಹೇಳಿದಳು: ರಾತ್ರಿಯನ್ನು ಹಗಲಿನ ಹಾಗೆ ತೋರಿಸುವ ದುರ್ಬೀನು ಇದೆ, ಒಂದೇ ಕಣ್ಣಿಗೆ ಹಿಡಿಯುವಂಥದ್ದು. ಬೇಟೆಗಾರರು ಇಟ್ಟುಕೊಳ್ಳುತ್ತಾರೆ. ಒಳಗೆ ಪುಟ್ಟ ಪರದೆ ಹೊಳೆಯುತ್ತದೆಯಂತೆ. ಕತ್ತಲಲ್ಲಿ ಸೋತ ಕಣ್ಣಿಗೂ ಆ ಬೆಳಕು ಕಾಣುತ್ತದೆಯಂತೆ.

ಕೆಂಜೆಕಾನ್ ಪೆಟ್ಟಿಗೆಯ ತಳದಿಂದ ಶಿರ್ದಾಕ್ ತೆಗೆದಳು. ಎರಡು ಚಳಿಗಾಲ ಉಣ್ಣೆ ತುಳಿದು, ಬಣ್ಣ ಹಾಕಿ, ಕತ್ತರಿಸಿ, ಹೊಲಿದ ಹಾಸು. ಸಲ್ಕಿಯ ಮದುವೆಗೆಂದು ಇಟ್ಟದ್ದು. ಅದನ್ನು ಸುತ್ತಿ ಕುದುರೆಗೆ ಹೇರಿ, ಹುಲ್ಲುಗಾವಲಿನ ಅಂಚಿಗೆ ಬರುವ ವ್ಯಾನು ಹಿಡಿದು, ತಾಯಿಮಗಳು ಪಟ್ಟಣದ ಬಜಾರಿಗೆ ಹೋದರು. ಎರಡು ದಿನ ಅವರ ಕುದುರೆಗಳ ಹಾಲು ಕರೆಯುವುದು, ರಾತ್ರಿ ಹಟ್ಟಿ ಕಾಯುವುದು ನನ್ನ ಪಾಲಿಗೆ ಬಂತು. ಶಾರ್ಶೆನ್ ಬಟ್ಟಲು ಚಾಚಿದಲ್ಲಿಗೆ ಚಹಾ ಬಗ್ಗಿಸುವುದೂ ಬಂತು.

ಬಜಾರಿನಲ್ಲಿ ನಡೆದದ್ದನ್ನು ಸಲ್ಕಿ ಆಮೇಲೆ ಅಭಿನಯಿಸಿ ತೋರಿಸುತ್ತಿದ್ದಳು. ಅಂಗಡಿಗಳೆಲ್ಲ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಕಂಟೇನರುಗಳು. ಬೇಟೆ ಸಾಮಾನಿನ ಅಂಗಡಿಯ ದಾಮಿರ್‌ಗೆ ಎದುರು ಎರಡು ಚಿನ್ನದ ಹಲ್ಲು.

“ಬಾ ಎಜೆ, ಬಾ ಅಕ್ಕ, ಏನು ಬೇಕು? ಯಜಮಾನರಿಗೆ ಬೂಟಾ?”

“ರಾತ್ರಿ ನೋಡೋ ದುರ್ಬೀನು.”

“ಯಜಮಾನರಿಗಾ?”

“ಯಜಮಾನರು ರಾತ್ರಿ ಕಣ್ಣು ಮುಚ್ಕೊಂಡಿರ್ತಾರೆ. ನನಗೆ.”

ದಾಮಿರ್ ಮೊದಲು ಇಟ್ಟದ್ದು ಹಳೆಯ ಕಾಲದ ಸೈನ್ಯದ ಮಾಲು, ಒಳಗೆ ಗಾಜಿನ ಕೊಳವೆ ಇರುವಂಥದ್ದು. ಕಲ್ಲಿನ ಹಾಗೆ ಗಟ್ಟಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಎಂದ. ಕೆಂಜೆಕಾನ್ ಅದನ್ನು ಕಣ್ಣಿಗೆ ಹಿಡಿದಳು, ಹಿಡಿದೇ ನಿಂತಳು. ದಾಮಿರ್ ತನ್ನ ಚಹಾ ಮುಗಿಸಿದ. ಅವಳು ಇಳಿಸಲಿಲ್ಲ. ಕೊನೆಗೆ ಮಣಿಕಟ್ಟು ನಡುಗಿತು.

“ಇದು ಬೇಡ.”

“ಯಾಕೆ ಎಜೆ, ಅರ್ಧ ಕೆಜಿ ಅಷ್ಟೆ.”

“ದಿನಕ್ಕೆ ಐದು ಸಲ ಏಳು ಕುದುರೆ ಕರೆದಿರೋ ಕೈ ಇದು. ರಾತ್ರಿ ನೂರು ಸಲ ಎತ್ಬೇಕು. ಒಂದು ಸಲ ಅಲ್ಲ.”

ಅಲ್ಲದೆ ಹಗಲು ಬೆಳಕು ಬಿದ್ದರೆ ಆ ಕೊಳವೆ ಸುಟ್ಟುಹೋಗುತ್ತದೆ ಎಂದು ಸಲ್ಕಿ ಫೋನಿನಲ್ಲಿ ಓದಿದ್ದಳು. ಬೆಳಗಿನ ಜಾವ ಕೈತಪ್ಪಿ ಹೊರಗೆ ಬಿಟ್ಟರೆ ಮುಗಿಯಿತು. ದಾಮಿರ್ ಮೈಶಾಖ ತೋರಿಸುವ ಇನ್ನೊಂದು ತೆಗೆದ, ಪ್ರಾಣಿಗಳು ಅದರಲ್ಲಿ ಕೆಂಡದ ಹಾಗೆ ಕಾಣುತ್ತವೆ. ಬೆಲೆ ಕೇಳಿ ಸಲ್ಕಿ ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಸಣ್ಣವು ಬಂದವು, ಪರದೆ ಇರುವಂಥವು, ಮುಷ್ಟಿಯಲ್ಲಿ ಹಿಡಿಯುವಷ್ಟು.

“ಬಾಗಿಲು ಹಾಕು” ಎಂದಳು ಕೆಂಜೆಕಾನ್.

“ಏನು?”

“ಕತ್ತಲಾಗ್ಲಿ. ಹಗಲಲ್ಲಿ ಏನು ನೋಡ್ಲಿ ನಾನು?”

“ಎಜೆ, ಕಂಟೇನರ್ ಬಾಗಿಲು ಹಾಕ್ಕೊಂಡು ಒಳಗೆ ಇಬ್ಬರು ಹೆಂಗಸರು ಅಂದ್ರೆ ಎದುರಂಗಡಿಯೋರು ನನ್ನ ಹೆಂಡ್ತಿಗೆ ಫೋನ್ ಮಾಡ್ತಾರೆ.”

“ಅವಳನ್ನೂ ಕರಿ. ಅವಳೂ ನೋಡ್ಲಿ.”

ಕಬ್ಬಿಣದ ಬಾಗಿಲು ಮುಚ್ಚಿತು. ಮೊದಲನೆಯದರಲ್ಲಿ ಎಲ್ಲ ಆರು ಪಟ್ಟು ಹತ್ತಿರ ಬಂತು. ದಾಮಿರ್‌ನ ಒಂದು ಚಿನ್ನದ ಹಲ್ಲಷ್ಟೇ ಕಂಡಿತು, ದಾಮಿರ್ ಕಾಣಲಿಲ್ಲ. ಒಂದು ಕುರಿಯ ಕಿವಿ ನೋಡಿ ಏನು ಮಾಡಲಿ, ನನಗೆ ಹಟ್ಟಿ ಕಾಣಬೇಕು ಎಂದಳು. ಇನ್ನೊಂದು ಹಗಲು ಪ್ಲಗ್ಗಿಗೆ ಹಾಕಿ ತುಂಬಿಸುವಂಥದ್ದು. ನಮ್ಮ ಬಿಸಿಲ ಹಲಗೆಗೆ ಇರೋದು ಒಂದೇ ಪ್ಲಗ್ಗು, ಅದರಲ್ಲಿ ಯಜಮಾನರ ಫೋನು ಇರುತ್ತೆ ಎಂದಳು. ಕೊನೆಯದು ಎಲ್ಲಕ್ಕಿಂತ ಅಗ್ಗ. ಎರಡೇ ಪಟ್ಟು ಹತ್ತಿರ, ನೋಟ ಅಗಲ, ಟಾರ್ಚಿನ ಸೆಲ್ಲು ಹಾಕಿದರೆ ಸಾಕು. ತೂಕ ಎರಡು ಹಿಡಿ ಮೊಸರುಂಡೆಯಷ್ಟು. ಅದರಲ್ಲಿ ಅವಳಿಗೆ ಬೂಟುಗಳ ಸಾಲು ಕಂಡಿತು, ನೇತುಹಾಕಿದ ಗಾಳದ ಕೋಲುಗಳು ಕಂಡವು, ಹಸಿರು ಬಣ್ಣದ ಮಗಳು ಕಂಡಳು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಕತ್ತಲಲ್ಲಿ ಒಂದು ಮುಖ ನೋಡಿದಳು.

“ಎಜೆ, ಮೋಸ ಮಾಡಬಾರದು, ಹೇಳಿಬಿಡ್ತೀನಿ” ಎಂದ ದಾಮಿರ್. “ಇದು ಮುಂದೆ ಬಿಡೋ ಬೆಳಕು ಪೂರ್ತಿ ಗುಟ್ಟಲ್ಲ. ಸಣ್ಣ ಕೆಂಪು ಚುಕ್ಕೆ ಹೊರಗೆ ಕಾಣುತ್ತೆ. ಮೃಗ ನೋಡಿ ಓಡಿಹೋಗುತ್ತೆ. ಅದಕ್ಕೇ ಬೇಟೆಯೋರು ಇದನ್ನ ಮೂಸಲ್ಲ.”

“ಓಡಿಹೋಗುತ್ತಾ?”

“ಹೂಂ.”

“ಹಾಗಾದ್ರೆ ಇದೇ ಕೊಡು. ನನಗೆ ಬೇಕಾಗಿರೋದೂ ಅದೇ.”

ಆಮೇಲಿನ ಏಳು ವಾರ ಒಂದು ಕುರಿಯೂ ಹೋಗಲಿಲ್ಲ. ನಮ್ಮ ಗುಡಾರದಿಂದ ನೋಡಿದರೆ ರಾತ್ರಿಯೆಲ್ಲ ಹಟ್ಟಿಯ ಸುತ್ತ ಒಂದು ಕೆಂಪು ಚುಕ್ಕೆ ತಿರುಗುವುದು ಕಾಣುತ್ತಿತ್ತು. ಆಗಾಗ ನಿಂತು ನೀರಿನ ಕಡೆ ನೋಡುತ್ತಿತ್ತು. ಒಮ್ಮೆ ಜೊಂಡಿನ ನಡುವೆ ಎರಡು ಕಣ್ಣು ಹೊಳೆದವು ಎಂದಳು. ಅವಳು ಕೂಗಲಿಲ್ಲವಂತೆ, ಸುಮ್ಮನೆ ಅದರ ಕಡೆಗೇ ನೋಡುತ್ತ ನಿಂತಳಂತೆ. ಊಳಿಡುವವನೇ ಮೊದಲು ಮುಖ ತಿರುಗಿಸಿದ.

ಹಗ್ಗ ಬಿಚ್ಚಿದಳು. ಸಲ್ಕಿಗೆ ಬಿಳಿಯ ಕೋಟು ಹೊಲಿದಳು, ಕಾಲೇಜಿನವರು ಎರಡು ತರಬೇಕೆಂದಿದ್ದರು. ಒಂದು ಮುಗಿದಿತ್ತು.

ಕೆಡಿಸಿದ್ದು ಶಾರ್ಶೆನ್‌ನ ಸಂತೋಷ. ಮೊದಲು ಇದೇನು ಆಟದ ಸಾಮಾನು ಎಂದವನು, ಕುರಿ ಉಳಿಯುವುದು ಕಂಡ ಮೇಲೆ ಬಂದವರಿಗೆಲ್ಲ ತೋರಿಸತೊಡಗಿದ. ನಮ್ಮಲ್ಲಿ ಹೊಸ ಸೊಸೆಯನ್ನೋ ಹೊಸ ಕೂಸನ್ನೋ ನೋಡಿದರೆ ಕೈಯಲ್ಲಿ ಏನಾದರೂ ಇಟ್ಟು ನೋಡುವುದು ವಾಡಿಕೆ. ಈ ದುರ್ಬೀನಿಗೂ ಜನ ಹಾಗೆ ಇಟ್ಟರು, ಒಬ್ಬರು ಸಕ್ಕರೆ ಪೊಟ್ಟಣ, ಒಬ್ಬರು ಒಂದು ಜೊತೆ ಸೆಲ್ಲು. ಶಾರ್ಶೆನ್ ಗುಡಾರದ ಮುಂದೆ ನಿಂತು “ನಮ್ಮ ಮನೆಯ ಮೂರನೇ ಕಣ್ಣು” ಎನ್ನುತ್ತಿದ್ದ. ನೋಡಲು ಬಂದವರಿಗೆಲ್ಲ ಚಹಾ, ರೊಟ್ಟಿ, ಕುದುರೆ ಹಾಲು. ಅದನ್ನು ಮಾಡಿ ಬಡಿಸುವವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಸುದ್ದಿ ಕಣಿವೆ ಇಳಿದು ಎಲ್ದಿಯಾರ್‌ನ ಕಿವಿಗೆ ಬಿತ್ತು. ಎಲ್ದಿಯಾರ್ ಶಾರ್ಶೆನ್‌ನ ಅಕ್ಕನ ಮಗ. ಅಂದರೆ ಸೋದರಳಿಯ.

ನಮ್ಮಲ್ಲಿ ಒಂದು ಮಾತಿದೆ: ಸೋದರಳಿಯ ಬರುವುದಕ್ಕಿಂತ ಏಳು ತೋಳ ಬಂದರೆ ಮೇಲು. ಅಳಿಯ ಸೋದರಮಾವನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೇಳಬಹುದು, ಮಾವ ಇಲ್ಲ ಅನ್ನುವಂತಿಲ್ಲ. ಇಲ್ಲ ಎಂದ ಕೈ ಮುಪ್ಪಿನಲ್ಲಿ ನಡುಗುತ್ತದೆ ಎನ್ನುತ್ತಾರೆ. ಎಲ್ಲರೂ ಈ ಮಾತು ಹೇಳಿ ನಗುತ್ತಾರೆ, ನಗುತ್ತಲೇ ಕೊಡುತ್ತಾರೆ.

ಆಗಸ್ಟ್ ಇಪ್ಪತ್ತೈದಕ್ಕೆ ಅವನ ಜೀಪು ಬಂತು, ಜೊತೆಗೆ ಊರಿನ ಮೂರು ನಾಲ್ಕು ಗಂಡಸರೂ ಬಂದರು. ನೆರವಿಗೆ ಬಾ ಎಂದು ಕೆಂಜೆಕಾನ್ ನನ್ನನ್ನು ಕರೆದಳು. ಕುರಿಮರಿ ಕಡಿದರು. ಕರುಳು ತೊಳೆದವರು ನಾವು, ಮಾಂಸ ಬೇಯಿಸಿದವರು ನಾವು, ಹಿಟ್ಟು ಲಟ್ಟಿಸಿ ಎಳೆ ಕತ್ತರಿಸಿದವರು ನಾವು. ಗಂಡಸರು ಬಾಗಿಲಿಗೆದುರು ಮರ್ಯಾದೆಯ ಜಾಗದಲ್ಲಿ ಕೂತರು, ನಾವು ಬಾಗಿಲ ಪಕ್ಕ, ಚಹಾದ ನೀರು ಕುದಿಯುವ ಸಮೋವರಿನ ಹತ್ತಿರ. ಎಲ್ದಿಯಾರ್ ದಪ್ಪಗೆ, ನಗುಮುಖದ ಹುಡುಗ. ಕೆಟ್ಟ ಮಾತಾಡುವವನಲ್ಲ.

ಕತ್ತಲಾದ ಮೇಲೆ ಶಾರ್ಶೆನ್ ಅವನನ್ನು ಹೊರಗೆ ಕರೆದುಕೊಂಡು ಹೋದ. ನಾವು ಪಾತ್ರೆ ಉಜ್ಜುತ್ತ ಕೇಳಿಸಿಕೊಂಡೆವು. “ಅಬ್ಬಾ ಮಾವ, ಕುರಿ ಎಣಿಸಬಹುದು.” “ಎಣಿಸು ಎಣಿಸು.” ಕೆಂಜೆಕಾನಳ ಕೈ ನಿಂತಿತು.

ಒಳಗೆ ಬಂದು ಕೂತ ಮೇಲೆ ಎಲ್ದಿಯಾರ್ ದುರ್ಬೀನನ್ನು ತೊಡೆಯ ಮೇಲೆ ಇಟ್ಟುಕೊಂಡ. “ಮಾವ, ಏಳು ತೋಳಕ್ಕಿಂತ ಕೆಟ್ಟೋನು ಬಂದಿದ್ದೀನಿ. ಗೊತ್ತಲ್ಲ?”

“ಗೊತ್ತು, ಗೊತ್ತು” ಎಂದು ಶಾರ್ಶೆನ್ ನಕ್ಕ. “ಕೇಳು. ಕುದುರೆಮರಿ ಬೇಕಾ?”

“ಕುದುರೆಮರಿ ಇಟ್ಕೊಂಡು ಪಟ್ಟಣದಲ್ಲಿ ಏನು ಮಾಡ್ಲಿ? ಬರೋ ತಿಂಗಳು ನಾಲ್ಕು ಜನರನ್ನ ಕಾಡುಮೇಕೆ ಬೇಟೆಗೆ ಕರ್ಕೊಂಡು ಹೋಗ್ಬೇಕು. ಇದು ಕೊಡಿ.”

ಶಾರ್ಶೆನ್ ಒಂದು ಕ್ಷಣ ಬಟ್ಟಲು ನೋಡಿದ. ನಾವು ಕೂತಿದ್ದ ಕಡೆ ನೋಡಲಿಲ್ಲ.

“ಅದು ನನ್ನದು” ಎಂದಳು ಕೆಂಜೆಕಾನ್.

ಅತಿಥಿ ಕೂತಿದ್ದಾಗ ಆ ಮನೆಯಲ್ಲಿ ಅವಳ ದನಿ ‘ತಗೊಳ್ಳಿ, ತಿನ್ನಿ’ ಎನ್ನುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎದ್ದದ್ದನ್ನು ನಾನು ಕೇಳಿರಲಿಲ್ಲ.

“ಅತ್ತೆ, ಮಾವನ ಮನೇಲಿ ನಿಮ್ಮದು ಮಾವನದು ಅಂತ ಬೇರೆ ಬೇರೆ ಇದೆಯಾ?” ಎಲ್ದಿಯಾರ್ ನಗುತ್ತಲೇ ಕೇಳಿದ.

“ಬೇಟೆಗೆ ಅದು ಆಗಲ್ಲಪ್ಪ. ಕೆಂಪು ಚುಕ್ಕೆ ಹೊರಗೆ ಕಾಣುತ್ತೆ. ಮೃಗ ಓಡಿಹೋಗುತ್ತೆ. ಅಂಗಡಿಯೋನೇ ಹೇಳಿದ್ದು.”

“ನೋಡಿ ಮಾವ, ಅತ್ತೆ ಬೇಟೆನೂ ಕಲ್ತಿದ್ದಾರೆ.”

ಗಂಡಸರು ನಕ್ಕರು.

“ಕುದುರೆಮರಿ ತಗೋ. ಎರಡು ತಗೋ” ಎಂದಳು. “ನನಗೆ ರಾತ್ರಿ ಕಣ್ಣು ಕಾಣಲ್ಲ, ಎಲ್ದಿಯಾರ್. ಅದಿಲ್ಲದೆ ಹೋದ್ರೆ ಹುಡುಗಿ ಹಟ್ಟಿ ಕಾಯಬೇಕು. ಒಂದನೇ ತಾರೀಖು ಅವಳು ಕಾಲೇಜಿಗೆ ಹೋಗಬೇಕು.”

ಹುಡುಗನ ನಗು ಸ್ವಲ್ಪ ಇಳಿಯಿತು. ಮಾವನ ಮುಖ ನೋಡಿದ. ಶಾರ್ಶೆನ್ ಹೇಳಿದ್ದರೆ ಆಗುತ್ತಿತ್ತು. ಆ ಹುಡುಗ ಕುದುರೆಮರಿ ಮಾರಿ ಇನ್ನೊಂದು ಕೊಂಡುಕೊಳ್ಳುತ್ತಿದ್ದ. ಆದರೆ ಹೆಂಡತಿಯ ಕಣ್ಣು ಹೋದದ್ದು ಅತಿಥಿಗಳ ಮುಂದೆ ಬಯಲಾಗಿತ್ತು. ಊರವರ ಕುರಿಯನ್ನು ಕಣ್ಣು ಕಾಣದವಳು ಕಾಯುತ್ತಿದ್ದಳು ಎಂಬುದೂ ಬಯಲಾಗಿತ್ತು. ಶಾರ್ಶೆನ್‌ನ ಕಿವಿ ಕೆಂಪಾದವು.

“ತಗೊಂಡು ಹೋಗಪ್ಪ” ಎಂದ. “ಇವಳ ಮಾತಿಗೇನು. ಅಳಿಯನಿಗೆ ಇಲ್ಲ ಅಂದ ಮನೆ ಅಂತ ನನ್ನ ಮನೆಗೆ ಹೆಸರು ಬರಬಾರದು.”

ಕೆಂಜೆಕಾನ್ ಸಮೋವರಿನ ಕಡೆ ತಿರುಗಿದಳು. ನನ್ನ ಕೈಗೆ ಒಂದು ಬಟ್ಟಲು ಕೊಟ್ಟು, ಇದಕ್ಕೆ ಸಕ್ಕರೆ ಹಾಕು, ಎಲ್ದಿಯಾರ್ ಎರಡು ಚಮಚ ಹಾಕ್ಕೊಂಡು ಕುಡಿಯೋನು ಎಂದಳು.

ಬೆಳಗ್ಗೆ ಜೀಪು ಹೊರಟಾಗ ಪದ್ಧತಿಯಂತೆ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಸೆಲ್ಲುಗಳನ್ನೂ ಕೊಟ್ಟುಬಿಟ್ಟಳು. ಇಟ್ಟುಕೊಂಡು ಏನು ಮಾಡಲಿ ಎಂದಳು ನನಗೆ.

ಇನ್ನೊಂದು ಕೊಳ್ಳುವ ಮಾತೂ ಆಯಿತು. ಮಾರಲು ಹಾಸು ಇರಲಿಲ್ಲ, ಹೊಸದು ಹೊಲಿಯಲು ಎರಡು ಚಳಿಗಾಲ ಬೇಕು. ಸೂಜಿಗೆ ದಾರ ಪೋಣಿಸಲು ಈಗ ಮಧ್ಯಾಹ್ನದ ಬಿಸಿಲಿಗೆ ಕೂರಬೇಕಾಗಿತ್ತು. ಕುರಿ ಮಾರಿ ಕೊಡಿ ಎಂದು ಗಂಡನನ್ನು ಒಮ್ಮೆ ಕೇಳಿದಳು. “ಅಷ್ಟು ಜನರ ಮುಂದೆ ಮಾನ ಕಳೆದೆ, ಈಗ ಕುರಿ ಬೇರೆ ಮಾರ್ಬೇಕಾ?” ಎಂದ. ಅವನು ನಾಲ್ಕು ದಿನ ಅವಳೊಡನೆ ಮಾತಾಡಲಿಲ್ಲ. ಬಟ್ಟಲು ಮಾತ್ರ ಚಾಚುತ್ತಿದ್ದ.

ಮೊದಲ ಎರಡು ರಾತ್ರಿ ಕೆಂಜೆಕಾನ್ ಹಗ್ಗ ಮತ್ತೆ ಕಟ್ಟಿಕೊಂಡು ತಾನೇ ಸುತ್ತಿದಳು. ಮೂರನೆಯ ರಾತ್ರಿ ಜೊಂಡಿನ ಕಡೆ ಊಳು ಕೇಳಿತು, ನಾಯಿ ಅತ್ತಲೇ ಬೊಗಳಿತು. ಸಲ್ಕಿನಾಯ್ ಎದ್ದು ಅಪ್ಪನ ದಪ್ಪ ಕೋಟು ಹಾಕಿಕೊಂಡು ಹೊರಗೆ ಬಂದಳು. ತಾಯಿಯ ಕೈಯಿಂದ ಕೋಲು ತೆಗೆದುಕೊಂಡಳು.

“ನೀನು ಒಳಗೆ ಹೋಗು, ಅಮ್ಮ. ಬಿದ್ದು ಕಾಲು ಮುರ್ಕೊಂಡ್ರೆ ಹಾಲು ಕರೆಯೋಳೂ ನಾನೇ ಆಗ್ತೀನಿ.”

“ಒಂದನೇ ತಾರೀಖು...”

“ಗೊತ್ತು. ಹೇಳು, ಅವನು ಯಾವ ಕಡೆಯಿಂದ ಬರ್ತಾನೆ?”

“ಊಳಿಡೋನು ನೀರಿನ ಕಡೆಯಿಂದ ಬರ್ತಾನೆ. ಸೋದರಳಿಯ ದಾರಿ ಕಡೆಯಿಂದ.”

ಸಲ್ಕಿ ನಕ್ಕಳೋ ಇಲ್ಲವೋ ಕತ್ತಲಲ್ಲಿ ತಾಯಿಗೆ ಕಾಣಲಿಲ್ಲ.

ಒಂದನೇ ತಾರೀಖು ಬಂತು, ಹೋಯಿತು. ಕಾಲೇಜಿನವರು ಒಮ್ಮೆ ಫೋನ್ ಮಾಡಿದರಂತೆ. ಗುಡ್ಡದ ಮೇಲೆ ಯಾರೂ ಇರಲಿಲ್ಲ. ಆ ಬಿಳಿಯ ಕೋಟನ್ನು ಕೆಂಜೆಕಾನ್ ಹರಿದು ಹಾಲು ಸೋಸುವ ಬಟ್ಟೆ ಮಾಡಿದಳು. ಒಳ್ಳೆಯ ನೂಲು, ಗಸಿ ನಿಲ್ಲುತ್ತಿತ್ತು. ಎಲ್ದಿಯಾರ್‌ನ ಬೇಟೆಯ ಸುದ್ದಿ ಅಕ್ಟೋಬರಿನಲ್ಲಿ ಬಂತು. ಕೆಂಪು ಚುಕ್ಕೆ ಕಂಡು ಕಾಡುಮೇಕೆಗಳು ಎರಡು ರಾತ್ರಿಯೂ ಓಡಿಹೋದವಂತೆ. ಮಾವ ಹಾಳು ಮಾಲು ಕೊಟ್ಟಿದ್ದಾನೆ ಎಂದು ಅವನು ಅದನ್ನು ಜೀಪಿನ ಸಾಮಾನಿನ ಡಬ್ಬಿಗೆ ಎಸೆದಿದ್ದಾನಂತೆ, ಸ್ಪ್ಯಾನರುಗಳ ಜೊತೆ. ಕೊಟ್ಟದ್ದನ್ನು ತಿರುಗಿ ಕೇಳುವುದು ನಮ್ಮಲ್ಲಿ ಇಲ್ಲ.

“ಹುಡುಗಿ ಕಣ್ಣು ಚುರುಕು, ಇವಳಿಗಿಂತ ವಾಸಿ” ಎನ್ನುತ್ತಾನೆ ಶಾರ್ಶೆನ್, ಬಂದವರ ಮುಂದೆ.

ಈಗ ಅವರು ಚಳಿಗಾಲದ ಬಿಡಾರದಲ್ಲಿದ್ದಾರೆ. ಊರವರ ಕುರಿ ಒಪ್ಪಿಸಿ ಆಯಿತು, ಹಟ್ಟಿಯಲ್ಲಿ ಉಳಿದದ್ದು ತಮ್ಮವು. ಕೆಂಜೆಕಾನ್ ರಾತ್ರಿ ಒಳಗೆ ಮಲಗುತ್ತಾಳೆ, ಮೂವತ್ತೊಂದು ವರ್ಷದ ಮೇಲೆ. ನಿದ್ದೆ ಬರುವುದಿಲ್ಲ ಎನ್ನುತ್ತಾಳೆ. ಮಗಳ ಕೂಗು ಹಟ್ಟಿ ಸುತ್ತುವುದನ್ನು ಕೇಳುತ್ತ ಬಿದ್ದಿರುತ್ತಾಳೆ. ಬಿಡಾರದ ಹತ್ತಿರ ಜೋರು, ನೀರಿನ ಕಡೆ ಹೋದಾಗ ತೆಳು. ಅಲ್ಲಿ ಕೆಲವೊಮ್ಮೆ ಕೂಗು ನಿಂತುಬಿಡುತ್ತದೆ. ಆಗ ಇವಳು ಎದ್ದು, ಎರಡು ಕೈ ಮುಂದೆ ಚಾಚಿಕೊಂಡು ಬಾಗಿಲವರೆಗೆ ಹೋಗಿ, ಪರದೆ ಸರಿಸಿ ನಿಲ್ಲುತ್ತಾಳೆ. ಹೊರಗೆ ಏನೂ ಇರುವುದಿಲ್ಲ, ಒಳಗಿರುವಷ್ಟೇ ಕತ್ತಲು. ಮತ್ತೆ ಕೂಗು ಕೇಳುವವರೆಗೂ ನಿಂತಿರುತ್ತಾಳೆ. ಕೇಳಿದ ಮೇಲೆ ಹಾಗೇ ತಡವಿಕೊಂಡು ಒಲೆಯ ಹತ್ತಿರ ಬಂದು, ಬೆಳಗಿನ ಚಹಾದ ಉರಿಗೆ ಒಣ ಸಗಣಿ ಮುರಿದು ಇಡುತ್ತಾಳೆ.